ಒಂದೇ ಸಲ ಹೇಳಿದರೆ ಸಾಕು

ದೌರ್ಜನ್ಯಕ್ಕೆ ಸಿಕ್ಕ ಮಗು ಅದನ್ನು ಬಾಯಿಬಿಟ್ಟು ಹೇಳುವುದೇ ಕಷ್ಟ. ಹೇಳಿದ ಮೇಲೆ ಪೊಲೀಸರಿಗೊಮ್ಮೆ, ವೈದ್ಯರಿಗೊಮ್ಮೆ, ವಕೀಲರಿಗೊಮ್ಮೆ ಅದನ್ನೇ ಹೇಳಬೇಕೆಂದರೆ? ಹಸಿ ಗಾಯವನ್ನು ಪದೇ ಪದೇ ಕೆದಕಿದಂತೆ.

ಅಮೆರಿಕದ ಅಲಬಾಮಾ ರಾಜ್ಯದ ಹಂಟ್ಸ್‌ವಿಲ್‌ನಲ್ಲಿ ಸರ್ಕಾರಿ ವಕೀಲರಾಗಿದ್ದ ಬಡ್ ಕ್ರೇಮರ್ ಅವರನ್ನು ಕಾಡಿದ್ದು ಇದೇ. ಮಗು ಕಚೇರಿಯಿಂದ ಕಚೇರಿಗೆ ಅಲೆಯುವ ಬದಲು ಎಲ್ಲರೂ ಮಗುವಿದ್ದಲ್ಲಿಗೆ ಬರಲಿ ಎಂದು 1985ರಲ್ಲಿ ಅಲ್ಲೊಂದು ಕೇಂದ್ರ ಶುರುವಾಯಿತು. ಇಂಥ ಕೇಂದ್ರಗಳಲ್ಲಿ ತರಬೇತಿ ಪಡೆದ ಒಬ್ಬರು ಮಾತ್ರ ಮಗುವಿನೊಡನೆ ಮಾತಾಡುತ್ತಾರೆ. ಉಳಿದವರು ಬೇರೆ ಕೋಣೆಯಲ್ಲಿ ಕುಳಿತು ಕೇಳಿಸಿಕೊಳ್ಳುತ್ತಾರೆ. ತಾಯಿತಂದೆಗೂ ಆಪ್ತಸಮಾಲೋಚನೆ ಉಂಟು. ನನಗೆ ಇದೇ ಬಹಳ ಮುಖ್ಯವೆನಿಸುತ್ತದೆ. ತಾನು ಕಾಯಲಿಲ್ಲವಲ್ಲ ಎಂದು ಕೊರಗುವ ತಾಯಿಯ ಮಡಿಲಿಗೇ ತಾನೇ ಮಗು ಮರಳಬೇಕು?

ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ನಮ್ಮ ದೇಶದ 2012ರ ಪೋಕ್ಸೊ ಕಾಯ್ದೆಯಲ್ಲೂ ಈ ಕನಿಕರವಿದೆ. ಹೇಳಿಕೆ ಪಡೆಯುವ ಪೊಲೀಸರು ಸಮವಸ್ತ್ರದಲ್ಲಿರಬಾರದು, ಮಗುವಿನ ಮನೆಗೋ ಅದು ಬಯಸಿದಲ್ಲಿಗೋ ಹೋಗಬೇಕು, ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. 2015ರಲ್ಲಿ ಆರಂಭವಾದ ಸಖಿ ಯೋಜನೆಯ ಕೇಂದ್ರಗಳಲ್ಲಿ ದೌರ್ಜನ್ಯಕ್ಕೆ ಸಿಕ್ಕ ಹೆಂಗಸರಿಗೂ ಹೆಣ್ಣುಮಕ್ಕಳಿಗೂ ಚಿಕಿತ್ಸೆ, ಕಾನೂನು ನೆರವು, ತಾತ್ಕಾಲಿಕ ಆಸರೆ ಒಂದೇ ಸೂರಿನಡಿ ಸಿಗಬೇಕು. ಆದರೆ ಮನೆಯ ಮರ್ಯಾದೆ ಹೋದೀತೆಂದು ನಾವೇ ಬಾಗಿಲು ಹಾಕಿಕೊಂಡರೆ ಇವೆಲ್ಲ ಇದ್ದೂ ಇಲ್ಲದಂತೆ. ಮರ್ಯಾದೆ ಹೋಗಬೇಕಾದ್ದು ಕೆಡುಕು ಮಾಡಿದವನದು, ಮಗುವಿನದಲ್ಲ.

ಇಂದು ಯಾವುದಾದರೂ ಮಗು ನಿಮ್ಮ ಬಳಿ ಬಂದು ಅಳುಕುತ್ತ ಏನನ್ನೋ ಹೇಳಹೊರಟರೆ ಕೈಲಿದ್ದ ಕೆಲಸ ಬಿಟ್ಟು ಕೇಳಿ. ದಯವಿಟ್ಟು ನಂಬಿ. ಮಕ್ಕಳ ಸಹಾಯವಾಣಿ 1098ಕ್ಕೆ ಹಗಲಿರುಳು ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು.