ಹುಳದ ಹೊಟ್ಟೆಯಲ್ಲಿ ತಾಮ್ರ



ನೂರು ವರ್ಷದ ಹಿಂದೆ ವೇಲ್ಸ್‌ನ ಅಬೆರಿಸ್ಟ್‌ವಿತ್ ಸುತ್ತಲಿನ ಹೊಳೆಗಳಲ್ಲಿ ಕ್ಯಾಥ್ಲೀನ್ ಕಾರ್ಪೆಂಟರ್ ಎಂಬಾಕೆ ಕಲ್ಲು ಮಗುಚಿ ಮಗುಚಿ ಹುಳ ಹುಡುಕುತ್ತಿದ್ದರು. ಅದು ಸೀಸದ ಗಣಿಗಳ ಸೀಮೆ. ಆ ಹೊಳೆಗಳ ಜೀವಿಗಳ ಬಗ್ಗೆ ಅವರ ಅಧ್ಯಯನ 1924ರಲ್ಲಿ ಪ್ರಕಟವಾಯಿತು. ನೀರಿನಲ್ಲಿ ಕರಗಿದ ಸೀಸಕ್ಕೆ ಕಿವಿರಿನ ಲೋಳೆ ಹೆಪ್ಪುಗಟ್ಟಿ ಮೀನು ಉಸಿರುಕಟ್ಟಿ ಸಾಯುತ್ತದೆ ಎಂದೂ ಅವರು ತೋರಿಸಿದರು.

ಅಲ್ಲಿಂದ ಮುಂದೆ ಬಹುಕಾಲ ವಿಜ್ಞಾನದ ಕಣ್ಣು ನೀರಿನ ಮೇಲೇ ನೆಟ್ಟಿತ್ತು. ತೊಟ್ಟಿಯಲ್ಲಿ ಮೀನು ಬಿಡು, ಲೋಹ ಸುರಿ, ಎಷ್ಟಕ್ಕೆ ಸಾಯುತ್ತದೆ ನೋಡು. ಆ ಮೀನು ಏನು ತಿಂದಿತ್ತೆಂದು ಕೇಳಿದವರು ಕಡಿಮೆ.

ಅದನ್ನು ಕೇಳುವಂತೆ ಮಾಡಿದ್ದು ಅಮೆರಿಕದ ಮೊಂಟಾನಾ. ಬ್ಯೂಟ್ ಪಟ್ಟಣದ ತಾಮ್ರದ ಗಣಿಕಸವನ್ನು 1908ರ ಮಹಾಪೂರ ಕ್ಲಾರ್ಕ್ ಫೋರ್ಕ್ ನದಿಯುದ್ದಕ್ಕೂ ಹರಡಿ ಹೋಗಿತ್ತು. ಲೋಹ ದಡದ ಮಣ್ಣಿಗೆ, ಕಲ್ಲಿಗಂಟಿದ ಪಾಚಿಗೆ ಸೇರಿತು. ಅಲ್ಲಿ ಕ್ಯಾಡಿಸ್ ಎಂಬ ಕೀಟದ ಮರಿಹುಳವೊಂದಿದೆ, ಹೈಡ್ರೋಸೈಕಿ. ಜೇಡದಂತೆ ಕಲ್ಲಿನ ಸಂದಿಯಲ್ಲಿ ಬಲೆ ನೇಯ್ದು, ತೇಲಿಬಂದದ್ದನ್ನೆಲ್ಲ ಮೆಲ್ಲುತ್ತದೆ. ವಿಜ್ಞಾನಿ ಸ್ಯಾಮ್ಯುಯೆಲ್ ಲುವೋಮಾ ಮತ್ತು ಸಂಗಡಿಗರು ಇಂಥ ಹುಳಗಳನ್ನೇ ಆರಿಸಿ ತಂದು, ಮೈಯಲ್ಲಿನ ತಾಮ್ರ, ಕ್ಯಾಡ್ಮಿಯಂ ಅಳೆದರು. ನೀರಿನ ಮಾದರಿ ಹೇಳುವುದು ಆ ಕ್ಷಣದ ಸುದ್ದಿ. ಹುಳದ್ದು ವಾರಗಳ ಲೆಕ್ಕ.

1994ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅದೇ ನದಿಯ ಹುಳಗಳನ್ನು ಟ್ರೌಟ್ ಮೀನಿನ ಮರಿಗಳಿಗೆ ತಿನ್ನಿಸಿದರು. ಶುದ್ಧ ನೀರಿನಲ್ಲಿದ್ದೂ ಅವು ಸೊರಗಿದವು. ಬಟ್ಟಲು ತೊಳೆದಿತ್ತು, ತುತ್ತು ಕೆಟ್ಟಿತ್ತು.

ಹಾಗೆಂದು ಎಲ್ಲ ಲೋಹವೂ ಆಹಾರ ಸರಪಳಿಯಲ್ಲಿ ಮೆಟ್ಟಿಲು ಹತ್ತಿದಂತೆ ಹೆಚ್ಚುತ್ತದೆಂದು ಭಾವಿಸಬೇಡಿ. ಶಾಲೆಯ ಚಿತ್ರಪಟಗಳು ನಮ್ಮನ್ನು ಹಾಗೆ ನಂಬಿಸಿವೆ. ಮೀಥೈಲ್ ಪಾದರಸ ಹತ್ತುತ್ತದೆ, ನಿಜ. ಸೀಸ ಸಾಮಾನ್ಯವಾಗಿ ಮೇಲೇರುತ್ತ ಕಡಿಮೆಯಾಗುತ್ತದೆ. ಹುಳ ಲೋಹವನ್ನು ಎಲ್ಲಿ ಬಚ್ಚಿಟ್ಟಿದೆ ಎಂಬುದೂ ಮುಖ್ಯ. ಗಟ್ಟಿ ಹರಳಿನಂಥ ಕಣಗಳಲ್ಲಿ ಕಟ್ಟಿಟ್ಟರೆ ತಿಂದ ಮೀನಿಗೆ ಅದು ಅಷ್ಟಾಗಿ ದಕ್ಕದು. ಮೆಟಲೋಥಯೋನೀನ್ ಎಂಬ ಪ್ರೋಟೀನಿಗೆ ಅಂಟಿಸಿಕೊಂಡಿದ್ದರೆ ಸಲೀಸಾಗಿ ದಕ್ಕುತ್ತದೆ. ಈ ಪ್ರೋಟೀನು 1957ರಲ್ಲಿ ಮೊದಲು ಸಿಕ್ಕಿದ್ದು, ನೋಡಿ, ಕುದುರೆಯ ಮೂತ್ರಪಿಂಡದಲ್ಲಿ!

ಇನ್ನು ಮರಿಹುಳಕ್ಕೆ ರೆಕ್ಕೆ ಮೂಡಿ ನೀರು ಬಿಡುವ ಹೊತ್ತು. ಆಗ ಕೀಟ ಕ್ಯಾಡ್ಮಿಯಂ, ಸತುವಿನ ಬಹುಪಾಲನ್ನು ಹಿಂದೆಯೇ ಬಿಟ್ಟು ಹಗುರಾಗಿ ಹಾರುತ್ತದೆ. ಮೀಥೈಲ್ ಪಾದರಸವನ್ನು ಮಾತ್ರ ಮೈಯಲ್ಲೇ ಹೊತ್ತು, ದಡದ ಜೇಡನ ಬಲೆಗೆ ಬೀಳುತ್ತದೆ.