ಕಲೆ ಹೋಗಲಿ, ಲೇಪನ ಉಳಿಯಲಿ

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ, ಕೆರೆಗಳೇ ಆಸರೆ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿಸಿದ ನೀರು ಬರತೊಡಗಿದ ಮೇಲೆ, ಬಹುಕಾಲ ಬತ್ತಿದ್ದ ಹಲವು ಕೆರೆಗಳು ತುಂಬಿದವು. ಕೆರೆಯಲ್ಲಿ ತೆಪ್ಪವನ್ನೋ ರಬ್ಬರ್ ದೋಣಿಯನ್ನೋ ನಡೆಸುವವರಿಗೆ ಜೀವರಕ್ಷಕ ಜಾಕೆಟ್, ರೇನ್‌ಕೋಟು, ನೀರು ಸೋರದ ಚೀಲ ಬೇಕು. ಇವುಗಳಿಗೆ ಡಾಂಬರು, ಗ್ರೀಸು ಅಂಟಿದರೆ, ಶ್ರೀನಿವಾಸಪುರದ ತೋಟಗಳಲ್ಲಾದರೆ ಮಾವಿನ ಸೊನೆ ಅಂಟಿದರೆ, ನಮ್ಮ ಕೈ ಮೊದಲು ಹೋಗುವುದು ಪೆಟ್ರೋಲ್, ಸೀಮೆಎಣ್ಣೆ ಅಥವಾ ಥಿನ್ನರ್ ಡಬ್ಬಿಯ ಕಡೆಗೆ. ಇದು ಸರಿಯೇ?

ಉತ್ತರಕ್ಕಾಗಿ ಸ್ವಲ್ಪ ಹಿಂದಕ್ಕೆ ಹೋಗೋಣ. 1823ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್ ನೀರು ತಡೆಯುವ ಬಟ್ಟೆಗೆ ಪೇಟೆಂಟ್ ಪಡೆದ. ಕಲ್ಲಿದ್ದಲ ಡಾಂಬರಿನಿಂದ ಸಿಗುವ ನ್ಯಾಫ್ತಾದಲ್ಲಿ ರಬ್ಬರನ್ನು ಕರಗಿಸಿ, ಎರಡು ಬಟ್ಟೆಗಳ ನಡುವೆ ಬಳಿದ. ನ್ಯಾಫ್ತಾ ಆವಿಯಾಯಿತು, ರಬ್ಬರ್ ಉಳಿಯಿತು. ಇದರಲ್ಲೇ ನಮ್ಮ ಪಾಠವಿದೆ. ಲೇಪನವನ್ನು ಬಟ್ಟೆಗೆ ಕೂರಿಸಿದ ದ್ರಾವಕದ ಜಾತಿಯೇ ಅದನ್ನು ಕೆಡಿಸಲೂ ಬಲ್ಲದು. ರಸಾಯನಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಒಂದೇ ಸ್ವಭಾವದ ವಸ್ತುಗಳು ಒಂದನ್ನೊಂದು ಕರಗಿಸುತ್ತವೆ.

ಇಂದು ಬಳಕೆಯಲ್ಲಿರುವ ಮುಖ್ಯ ಲೇಪನಗಳು ಮೂರು: ರಬ್ಬರ್, ಪಿ.ವಿ.ಸಿ. ಮತ್ತು ಪಾಲಿಯುರೆಥೇನ್. ನೈಸರ್ಗಿಕ ರಬ್ಬರ್ ಪೆಟ್ರೋಲ್, ಸೀಮೆಎಣ್ಣೆಗಳಲ್ಲಿ ಊದಿಕೊಂಡು ಬಲ ಕಳೆದುಕೊಳ್ಳುತ್ತದೆ. ಪಿ.ವಿ.ಸಿ.ಯನ್ನು ಮೆತ್ತಗಿಡಲು ಅದರಲ್ಲಿ ಒಂದು ಬಗೆಯ ಎಣ್ಣೆಯಂಥ ವಸ್ತುವನ್ನು ಬೆರೆಸಿರುತ್ತಾರೆ. ದ್ರಾವಕ ಅದನ್ನು ಹೊರಗೆಳೆದರೆ ಹಾಳೆ ಗಡುಸಾಗಿ ಬಿರಿಯುತ್ತದೆ. ಪಾಲಿಯುರೆಥೇನ್ ಪದರ ಅಸಿಟೋನ್, ಥಿನ್ನರ್ ತಾಗಿದರೆ ಉಬ್ಬಿ ಬಟ್ಟೆಯಿಂದ ಬಿಟ್ಟುಕೊಳ್ಳಬಹುದು. ಗಿಡದಿಂದ ಬಂದದ್ದೆಂದು ನೀಲಗಿರಿ ಎಣ್ಣೆಯನ್ನೂ ನಂಬಬೇಡಿ. ಅದೂ ಪ್ರಬಲ ದ್ರಾವಕವೇ.

ಹಾಗಾದರೆ ಮಾಡುವುದೇನು? ಮೊದಲು ತಣ್ಣೀರು ಮತ್ತು ಮೆತ್ತನೆಯ ಬಟ್ಟೆ. ಸಾಲದಿದ್ದರೆ ಉಗುರುಬೆಚ್ಚಗಿನ ನೀರಿಗೆ ಒಂದೆರಡು ಹನಿ ಸೌಮ್ಯವಾದ ದ್ರವ ಸೋಪು. ಹಸಿ ಸೊನೆಯನ್ನು ಒಣಗಲು ಬಿಡದೆ ಹೀಗೇ ತೊಳೆಯಬೇಕು. ಡಾಂಬರಿನ ಮೇಲೆ ಮಂಜುಗಡ್ಡೆ ಇಟ್ಟರೆ ಅದು ಗಟ್ಟಿಯಾಗುತ್ತದೆ; ಚಮಚದ ಮೊಂಡು ಅಂಚಿನಿಂದ ಮೆಲ್ಲಗೆ ಎಬ್ಬಿಸಬಹುದು. ಪಿ.ವಿ.ಸಿ. ಮೇಲಿನ ಶಾಯಿ ಕಲೆಗೆ ಐಸೊಪ್ರೊಪೈಲ್ ಆಲ್ಕೊಹಾಲನ್ನು ಬಟ್ಟೆಗೆ ತೋಯಿಸಿ ಬೇಗನೆ ಒರೆಸಿ, ನೀರಿನಿಂದ ತೊಳೆಯಬೇಕು. ಏನನ್ನೇ ಹಚ್ಚುವ ಮುನ್ನ ಕಣ್ಣಿಗೆ ಬೀಳದ ಒಳಮೂಲೆಯಲ್ಲಿ ಒಂದು ಹನಿ ಹಾಕಿ ಪರೀಕ್ಷಿಸಿ. ಜಾಗ ಅಂಟಂಟಾದರೆ, ಉಬ್ಬಿದರೆ ಅಥವಾ ಬಣ್ಣ ಬಿಟ್ಟರೆ ಅಲ್ಲಿಗೇ ನಿಲ್ಲಿಸಿ. ಸೋಪು ಉಳಿಯದಂತೆ ಜಾಲಿಸಿ, ನೆರಳಿನಲ್ಲಿ ಪೂರ್ತಿ ಒಣಗಿಸಿ. ತೇವದಲ್ಲೇ ಮಡಿಸಿಟ್ಟ ಪಾಲಿಯುರೆಥೇನ್ ಕಾಲಕ್ರಮೇಣ ಅಂಟಾಗಿ ಕಿತ್ತುಬರುತ್ತದೆ.

ಜೀವರಕ್ಷಕ ಜಾಕೆಟಿಗೆ ಮಾತ್ರ ಸೋಪುನೀರಿನ ಆಚೆ ಏನೂ ಬೇಡ. ದ್ರಾವಕವು ಒಳಗಿನ ನೊರೆಹಾಳೆಯನ್ನೂ ಹೊಲಿಗೆ ಪಟ್ಟಿಗಳನ್ನೂ ದುರ್ಬಲಗೊಳಿಸಬಹುದು. ಅದು ಹೊರಗೆ ಕಾಣುವುದಿಲ್ಲ, ನಡುಕೆರೆಯಲ್ಲಿ ತಿಳಿಯುತ್ತದೆ. ಕಲೆಯಿರುವ ಜಾಕೆಟ್ ತೇಲಿಸುತ್ತದೆ. ಹೊಳೆಯುವಂತೆ ತೊಳೆದು ಕೆಡಿಸಿದ ಜಾಕೆಟ್ ಕೈಕೊಡಬಹುದು.

ಇನ್ನೊಂದು ಎಚ್ಚರಿಕೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ನೆಲದ ಮೇಲೆ ಹರಡಿ, ದೂರದ ಒಲೆಯಿಂದಲೂ ಹೊತ್ತಿಕೊಳ್ಳಬಲ್ಲದು. ನೈಲಾನ್ ಬಟ್ಟೆಯನ್ನು ಉಜ್ಜಿದಾಗ ಹುಟ್ಟುವ ವಿದ್ಯುತ್ ಕಿಡಿಯೂ ಅದಕ್ಕೆ ಸಾಕು. ಆದ್ದರಿಂದ ಪೆಟ್ರೋಲಿನಿಂದ ಬಟ್ಟೆ ತೊಳೆಯಲೇಬಾರದು. ಯಾವುದೇ ದ್ರಾವಕದ ಉಳಿಕೆಯನ್ನು ಚರಂಡಿಗೂ ಕೆರೆಯಂಚಿಗೂ ಚೆಲ್ಲಬೇಡಿ. ಮಾಲೂರಾಗಲಿ, ಮುಳಬಾಗಿಲಾಗಲಿ, ಅಲ್ಲಿ ಇಂಗುವ ನೀರೇ ನಾಳೆ ಕೊಳವೆಬಾವಿಯಲ್ಲಿ ಬರುವ ನೀರು.

ಕಲೆ ಯಾವುದು ಎಂದು ಕೇಳುವ ಮೊದಲು ಲೇಪನ ಯಾವುದು ಎಂದು ಕೇಳಿ. ಒಳಗೆ ಹೊಲಿದಿರುವ ಚೀಟಿಯನ್ನು ಓದಿ. ತರಗತಿಯಲ್ಲಿ ಕಲಿತ ರಸಾಯನಶಾಸ್ತ್ರ ನಿಮ್ಮ ಮನೆಯಂಗಳದಲ್ಲಿ ಉಪಯೋಗಕ್ಕೆ ಬರುವುದು ಹೀಗೆ.