ನಮ್ಮನೆಯ ನೀಮೋ ಯಾವ ಜಾತಿ?



ಸೂರತ್ತಿನಲ್ಲಿ ತಾಪಿ ನದಿ ದಾಟಿದರೆ ಅಡಾಜಣ್ ಸಿಗುತ್ತದೆ. ನಮ್ಮ ಮನೆ ಅಲ್ಲೇ. ಪಕ್ಕದ ಪಾಲ್‌ನಲ್ಲಿ ಮಹಾನಗರಪಾಲಿಕೆಯವರ ಜಗದೀಶಚಂದ್ರ ಬೋಸ್ ಅಕ್ವೇರಿಯಂ ಇದೆ. ಅದನ್ನು ನೋಡಿ ಬಂದ ದಿನವೇ ಮಗಳು ಹಟ ಹಿಡಿದಳು: "ಅಮ್ಮಾ, ನಮ್ಮನೆಗೂ ನೀಮೋ ಬೇಕು." 2003ರಲ್ಲಿ ಬಂದ 'ಫೈಂಡಿಂಗ್ ನೀಮೋ' ಚಿತ್ರದ ಮಹಿಮೆ ಇನ್ನೂ ಇಳಿದಿಲ್ಲ ನೋಡಿ!

ಉಪ್ಪುನೀರಿನ ತೊಟ್ಟಿ ಹದಕ್ಕೆ ಬಂದ ಮೇಲೆ ಒಂದು ಮೀನು ತಂದೆವು. ಅದು ಒಸೆಲ್ಲಾರಿಸ್. ಕೆಲವು ತಿಂಗಳಾದ ಮೇಲೆ ಅದಕ್ಕೊಂದು ಜೋಡಿ ತರಲು ಹೋದಾಗ ಅಂಗಡಿಯವರು ದುಪ್ಪಟ್ಟು ಬೆಲೆ ಹೇಳಿದರು. "ಬೆನ್, ಇದು ಅಸಲಿ ಪರ್ಕ್ಯುಲಾ!" ನಾನೂ ನಂಬಿ ತಂದೆ.

ಈ ಎರಡೂ ಅವಳಿಗಳಂತೆ ಕಾಣುತ್ತವೆ. ಕಿತ್ತಳೆ ಮೈ, ಮೂರು ಬಿಳಿ ಪಟ್ಟೆ. ಪಟ್ಟೆಯ ಅಂಚಿನ ಕಪ್ಪು ದಪ್ಪಗಿದ್ದರೆ ಪರ್ಕ್ಯುಲಾ, ಗೆರೆಯಷ್ಟೇ ಇದ್ದರೆ ಒಸೆಲ್ಲಾರಿಸ್ ಎನ್ನುವುದು ವಾಡಿಕೆ. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಪರ್ಕ್ಯುಲಾ ಮರಿಗಳಲ್ಲಿ ಆ ಕಪ್ಪು ಇನ್ನೂ ಮೂಡಿರುವುದಿಲ್ಲ. ಆಸ್ಟ್ರೇಲಿಯಾದ ಡಾರ್ವಿನ್ ಕಡೆಯ ಒಸೆಲ್ಲಾರಿಸ್ ಮೈಯೆಲ್ಲ ಕಪ್ಪಾಗಿರುತ್ತದೆ. ಸಾಕಣೆಯಲ್ಲಿ ಹುಟ್ಟಿದ ಬಗೆಬಗೆಯ ತಳಿಗಳಲ್ಲಂತೂ ಪಟ್ಟೆಗೆ ಲೆಕ್ಕವೇ ಇಲ್ಲ.

ಹಾಗಾದರೆ ಏನು ನೋಡಬೇಕು? ಬೆನ್ನಿನ ರೆಕ್ಕೆಯ ಮುಳ್ಳು. ಮೀನು ರೆಕ್ಕೆ ಬಿಚ್ಚಿದಾಗ ಪಕ್ಕದಿಂದ ಒಂದು ಫೋಟೋ ತೆಗೆಯಿರಿ. ಅದನ್ನು ದೊಡ್ಡದು ಮಾಡಿ, ಮುಂಭಾಗದ ಗಟ್ಟಿ ಮುಳ್ಳುಗಳನ್ನು ಮಾತ್ರ ಎಣಿಸಿ. ಹಿಂದಿನ ಮೆತ್ತನೆಯ ಕಡ್ಡಿಗಳನ್ನು ಬಿಡಿ. ಒಸೆಲ್ಲಾರಿಸ್‌ಗೆ ಸಾಮಾನ್ಯವಾಗಿ 11, ಅಪರೂಪಕ್ಕೆ 10. ಪರ್ಕ್ಯುಲಾಗೆ ಸಾಮಾನ್ಯವಾಗಿ 10, ಅಪರೂಪಕ್ಕೆ 9. ಎಣಿಕೆ 10 ಬಂದು ಅನುಮಾನ ಉಳಿಯಿತೇ? ಕಣ್ಣು ನೋಡಿ. ಪಾಪೆಯ ಸುತ್ತಲಿನ ಬಳೆ ಹೊಳೆಯುವ ಕಿತ್ತಳೆಯಾಗಿದ್ದರೆ ಪರ್ಕ್ಯುಲಾ ಇರಬಹುದು, ಬೂದು ಬೆರೆತಿದ್ದರೆ ಒಸೆಲ್ಲಾರಿಸ್ ಇರಬಹುದು.

ಎಲ್ಲಿಯದು ಎಂದೂ ಕೇಳಿ. ಒಸೆಲ್ಲಾರಿಸ್ ನಮ್ಮ ಅಂಡಮಾನಿನ ಸಮುದ್ರದಲ್ಲೂ ಇದೆ. ಪರ್ಕ್ಯುಲಾದ ತವರು ದೂರದ ನ್ಯೂಗಿನಿ, ಸಾಲೊಮನ್ ದ್ವೀಪಗಳು, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್. "ಅಂಡಮಾನಿನಲ್ಲಿ ಹಿಡಿದ ಪರ್ಕ್ಯುಲಾ" ಎಂದು ಯಾರಾದರೂ ಹೇಳಿದರೆ ನಕ್ಕು ಮುಂದೆ ಹೋಗಿ. ಸಾಕಣೆ ಕೇಂದ್ರದಲ್ಲಿ ಹುಟ್ಟಿದ್ದಾದರೆ ತಾಯಿತಂದೆ ಯಾವ ಜಾತಿ ಎಂದು ವಿಚಾರಿಸಿ.

ಮೀನು ಚೆನ್ನಾಗಿದ್ದರೆ ಸಾಲದೇ, ಜಾತಿ ಕಟ್ಟಿಕೊಂಡು ಏನಾಗಬೇಕು ಎನ್ನುತ್ತೀರೇನೋ. ಈ ಮೀನುಗಳೆಲ್ಲ ಮೊದಲು ಗಂಡಾಗಿಯೇ ಬೆಳೆಯುತ್ತವೆ. ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಒಸೆಲ್ಲಾರಿಸ್, ಪರ್ಕ್ಯುಲಾ ಎರಡನ್ನು ಕೂಡಿಸಿದರೂ ಮೊಟ್ಟೆಯಿಟ್ಟು ಮರಿ ಮಾಡಬಲ್ಲವು. ಆ ಬೆರಕೆ ಮರಿಗಳು ಇನ್ನೊಬ್ಬರ ಮನೆಗೆ ಪರ್ಕ್ಯುಲಾ ಎಂಬ ಹೆಸರಿನಲ್ಲೇ ಹೋಗುತ್ತವೆ. ಅವರು ಅದರಿಂದ ಮತ್ತೆ ಮರಿ ಮಾಡಿಸುತ್ತಾರೆ. ಹೀಗೆ ನಾಲ್ಕು ಮನೆ ದಾಟುವಷ್ಟರಲ್ಲಿ ಅಸಲಿ ತಳಿ ಯಾವುದೆಂದು ಹೇಳುವವರೇ ಇರುವುದಿಲ್ಲ. ಹೆಸರು ತಪ್ಪಿದ ಒಂದು ಮೀನು ನಮ್ಮ ತೊಟ್ಟಿಯಲ್ಲೇ ನಿಲ್ಲುವುದಿಲ್ಲ, ಕೇಳುಗರೇ.

ನಮ್ಮನೆಯ 'ಅಸಲಿ ಪರ್ಕ್ಯುಲಾ' ಏನಾಯಿತು ಅಂತೀರಾ? ಫೋಟೋ ಇಟ್ಟುಕೊಂಡು ಮಗಳು ಎಣಿಸಿದಳು, ನಾನು ಎಣಿಸಿದೆ. ಎರಡು ಸಲವೂ 11! ಅದೂ ಒಸೆಲ್ಲಾರಿಸ್ಸೇ. ದುಡ್ಡು ಹೋಯಿತು, ಆದರೆ ಜೋಡಿ ಸರಿಯಾಯಿತು. ನೀವು ಮಾತ್ರ ದುಡ್ಡು ಕೊಡುವ ಮೊದಲೇ ಎಣಿಸಿ.